ಮುಖ ಬಾತು, ಕೊರಳ ನರ ಉಬ್ಬಿ, ಉಸಿರು ಕಟ್ಟಿದಾಗ: ಕ್ಯಾನ್ಸರ್ ರೋಗಿಗಳಲ್ಲಿ ಮಹಾಸಿರೆಯ ತಡೆ ಮತ್ತು ತುರ್ತು ಉಪಚಾರ

(ಕಡಗಂಚಿಯಲ್ಲಿ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ವೈದ್ಯಾಧಿಕಾರಿಗಳು ನೀಡಿದ ಉಪನ್ಯಾಸದ ಲಿಖಿತ ರೂಪ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಇಂದಿನ ವಿಷಯದ ಹೆಸರು ಕೇಳಿದೊಡನೆ, ಇದು ದೊಡ್ಡಾಸ್ಪತ್ರೆಯ ತಜ್ಞರ ಸಂಗತಿ, ಪಂಚಾಯಿತಿ ಸದಸ್ಯರಿಗೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಹಲವರ ಮನಸ್ಸಿನಲ್ಲಿ ಮೂಡಿರಬಹುದು. ಚಿಕಿತ್ಸೆ ತಜ್ಞರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ತೊಂದರೆಯ ಮೊದಲ ಗಂಟೆಗಳು, ಎಷ್ಟೋ ಸಲ ಮೊದಲ ವಾರಗಳು, ಊರಿನಲ್ಲಿಯೇ ಕಳೆದುಹೋಗುತ್ತವೆ. ಆ ಹೊತ್ತಿನಲ್ಲಿ ಮನೆಯವರು ಸಲಹೆ ಕೇಳುವುದು ತಜ್ಞರನ್ನಲ್ಲ. ಓಣಿಯ ಹಿರಿಯರನ್ನು, ಆಶಾ ಕಾರ್ಯಕರ್ತೆಯನ್ನು, ಜೀಪು ಇಟ್ಟುಕೊಂಡವರನ್ನು ಮತ್ತು ತಮ್ಮನ್ನು. ರೋಗಿಯನ್ನು ಮಲಗಿಸಬೇಕೋ ಕೂರಿಸಬೇಕೋ, ಊರ ಡಾಕ್ಟರಿಂದ ಸಲಾಯಿನ್ ಹಚ್ಚಿಸಬೇಕೋ ಬೇಡವೋ, ಆಳಂದಕ್ಕೋ ಕಲಬುರಗಿಗೋ ಸೊಲ್ಲಾಪುರಕ್ಕೋ, ಅಥವಾ 'ಕ್ಯಾನ್ಸರ್ ಅಲ್ಲವೇ, ಇನ್ನು ಒಯ್ದು ಏನು ಫಲ' ಎಂದು ಮನೆಯಲ್ಲೇ ಇಟ್ಟುಕೊಳ್ಳುವುದೋ ಎಂಬ ನಿರ್ಣಯಗಳೆಲ್ಲ ವೈದ್ಯರು ರೋಗಿಯನ್ನು ನೋಡುವ ಮೊದಲೇ ಆಗಿಹೋಗಿರುತ್ತವೆ. ಆ ನಿರ್ಣಯ ಸರಿಯಾಗಿರಲಿ ಎಂಬುದಷ್ಟೇ ಈ ಉಪನ್ಯಾಸದ ಉದ್ದೇಶ.

ಮೊದಲು ಶರೀರದ ವಿಚಾರ. ಎದೆಯೊಳಗೆ ಬಲಭಾಗದಲ್ಲಿ, ಹೃದಯಕ್ಕೆ ಹೊಂದಿಕೊಂಡು ಮೇಲಿನಿಂದ ಇಳಿದು ಬರುವ ಒಂದು ದೊಡ್ಡ ರಕ್ತನಾಳವಿದೆ. ತಲೆ, ಮುಖ, ಕೊರಳು, ಎರಡೂ ತೋಳು ಮತ್ತು ಎದೆಯ ಮೇಲ್ಭಾಗದಿಂದ ಹಿಂದಿರುಗುವ ರಕ್ತವು ಇದರ ಮೂಲಕವೇ ಹೃದಯವನ್ನು ಸೇರಬೇಕು. ಶಾಲಾ ಪಠ್ಯಗಳಲ್ಲಿ ಇಂತಹ ನಾಳಗಳಿಗೆ ಅಭಿಧಮನಿ ಎಂಬ ಹೆಸರಿದೆ. ಇಂದು ನಾನು ಇದನ್ನು ಮೇಲಿನ ಮಹಾಸಿರೆ ಎಂದು ಕರೆಯುತ್ತೇನೆ. ಆಸ್ಪತ್ರೆಯ ಚೀಟಿಯಲ್ಲಿ 'ಎಸ್.ವಿ.ಸಿ.' ಎಂಬ ಮೂರು ಅಕ್ಷರಗಳಾಗಿ ಕಾಣಿಸುವುದು ಇದೇ. ಉದ್ದ ಸುಮಾರು 7 ಸೆಂಟಿಮೀಟರ್, ಅಗಲ ಸುಮಾರು 2 ಸೆಂಟಿಮೀಟರ್. ಹೃದಯಕ್ಕೆ ಮರಳುವ ಒಟ್ಟು ರಕ್ತದಲ್ಲಿ ಸುಮಾರು ಮೂರನೇ ಒಂದು ಪಾಲು ಈ ಗೇಣುದ್ದವೂ ಇಲ್ಲದ ನಾಳದಲ್ಲಿ ಹರಿಯುತ್ತದೆ. ಇದರ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಸುತ್ತಲೂ ಶ್ವಾಸನಾಳ, ಪುಪ್ಪುಸ, ದುಗ್ಧರಸದ ಗಂಟುಗಳು ಇಕ್ಕಟ್ಟಾಗಿ ಕೂಡಿವೆ. ಅವುಗಳಲ್ಲಿ ಯಾವುದಾದರೊಂದು ಗಡ್ಡೆಯಾಗಿ ಬೆಳೆದರೆ ಮೊದಲು ಅದುಮಿಹೋಗುವುದು ಈ ನಾಳವೇ.

ಅದುಮಿದಾಗ ಏನಾಗುತ್ತದೆ ಎಂಬುದನ್ನು ಅಫಜಲಪುರ ಮತ್ತು ಜೇವರ್ಗಿಯ ಸದಸ್ಯರಿಗೆ ನಾನು ವಿವರಿಸಬೇಕಾಗಿಯೇ ಇಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ತಾವು ಕಂಡಿದ್ದೀರಿ. ಹೊಳೆ ತುಂಬಿದಾಗ ಹಳ್ಳದ ನೀರು ಹೊಳೆಗೆ ಇಳಿಯಲಾರದೆ ಹಿಂದಕ್ಕೆ ಒತ್ತುತ್ತದೆ. ಮಳೆಯೇ ಬೀಳದ ಹೊಲಕ್ಕೂ ನೀರು ಏರುತ್ತದೆ. ಶರೀರದಲ್ಲಿಯೂ ಹಾಗೆಯೇ. ಮಹಾಸಿರೆ ಕಟ್ಟಿದರೆ ರಕ್ತವು ಮುಖ, ಕೊರಳು, ತೋಳುಗಳಲ್ಲಿ ಹಿಂದಕ್ಕೆ ನಿಲ್ಲುತ್ತದೆ. ಮುಂದೆ ಅದು ಬೇರೆ ದಾರಿ ಹುಡುಕುತ್ತದೆ. ಎದೆಯ ಚರ್ಮದ ಕೆಳಗೆ, ಬೆನ್ನಿನಲ್ಲಿ, ಹೊಟ್ಟೆಯ ಗೋಡೆಯಲ್ಲಿರುವ ಸಣ್ಣ ನರಗಳು ಹಿಗ್ಗಿ, ನೀಲಿ ಹಗ್ಗಗಳಂತೆ ಎದ್ದು, ಕೆಳಗಿನ ಮಾರ್ಗವಾಗಿ ರಕ್ತವನ್ನು ಹೃದಯಕ್ಕೆ ಮುಟ್ಟಿಸಲು ಹೆಣಗುತ್ತವೆ. ತಡೆಯು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದರೆ ಈ ಒಳದಾರಿಗಳು ಸಿದ್ಧವಾಗಲು ಸಮಯ ಸಿಗುತ್ತದೆ. ರೋಗಿ ಬಾವಿನೊಂದಿಗೆ ನಡೆದಾಡುತ್ತಾನೆ. ಕೆಲವೇ ದಿನಗಳಲ್ಲಿ ಕಟ್ಟಿಬಿಟ್ಟರೆ ಸಮಯ ಸಿಗುವುದಿಲ್ಲ. ಒಂದೇ ಕಾಯಿಲೆಯು ಒಬ್ಬರಲ್ಲಿ ಸೌಮ್ಯವಾಗಿಯೂ ಇನ್ನೊಬ್ಬರಲ್ಲಿ ಪ್ರಾಣಾಂತಿಕವಾಗಿಯೂ ಕಾಣಲು ಇದು ಮುಖ್ಯ ಕಾರಣ.

ಈ ತೊಂದರೆಯನ್ನು ಮೊದಲು ವರ್ಣಿಸಿದವರು ವಿಲಿಯಂ ಹಂಟರ್ ಎಂಬ ವೈದ್ಯರು, 1757ರಲ್ಲಿ. ಅವರ ರೋಗಿಗಿದ್ದುದು ಕ್ಯಾನ್ಸರ್ ಅಲ್ಲ. ಮೇಹರೋಗದಿಂದ ಹಿಗ್ಗಿದ್ದ ಮಹಾಧಮನಿಯು ಪಕ್ಕದ ಸಿರೆಯನ್ನು ಒತ್ತಿತ್ತು. ಇಂದು ಹೆಚ್ಚಿನ ಪ್ರಕರಣಗಳಿಗೆ ಕ್ಯಾನ್ಸರೇ ಕಾರಣ. ಅದರಲ್ಲಿ ದೊಡ್ಡ ಪಾಲು ಪುಪ್ಪುಸದ ಕ್ಯಾನ್ಸರಿನದು. ಬೀಡಿ, ಸಿಗರೇಟಿನ ವಿಷಯವನ್ನು ತಮಗೆ ಬೇರೆ ಹೇಳಬೇಕಿಲ್ಲ. ಎರಡನೆಯದು ದುಗ್ಧರಸ ಗಂಟುಗಳ ಕ್ಯಾನ್ಸರ್, ಅಂದರೆ ಲಿಂಫೋಮಾ. ಇದು ಇಪ್ಪತ್ತು, ಮೂವತ್ತು ವರ್ಷದ ತರುಣರಲ್ಲಿಯೂ ಬರುತ್ತದೆ. ಸ್ತನದ ಕ್ಯಾನ್ಸರ್ ಎದೆಯೊಳಗಿನ ಗಂಟುಗಳಿಗೆ ಹಬ್ಬಿದಾಗಲೂ ಹೀಗಾಗಬಹುದು. ಕೀಮೋ ಔಷಧಿಗಾಗಿ ಕೊರಳ ಅಥವಾ ಎದೆಯ ನರದಲ್ಲಿ ನಳಿಕೆ ಕೂರಿಸಿಕೊಂಡವರಲ್ಲಿ ಆ ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟಿಯೂ ನಾಳ ಮುಚ್ಚಬಹುದು. ಅಪರೂಪಕ್ಕೆ ಕ್ಷಯದಂತಹ ಕಾಯಿಲೆಗಳೂ ಕಾರಣವಾಗುತ್ತವೆ. ಆದ್ದರಿಂದ ಬಾವು ಕಂಡೊಡನೆ ಕ್ಯಾನ್ಸರ್ ಎಂದು ಊರಲ್ಲಿ ಸಾರುವುದೂ ತಪ್ಪು.

ಇನ್ನು ಗುರುತು ಹಿಡಿಯುವ ಬಗೆ. ಇದಕ್ಕೆ ಯಂತ್ರ ಬೇಡ, ಕಣ್ಣಿದ್ದರೆ ಸಾಕು. ತೊಗರಿ ರಾಶಿಯ ಕಾಲದಲ್ಲಿ ಐವತ್ತೈದು ವರ್ಷದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಬೆಳಗ್ಗೆ ಎದ್ದಾಗ ಮುಖ ಮತ್ತು ಕಣ್ಣಿನ ರೆಪ್ಪೆ ಊದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಇಳಿಯುತ್ತವೆ. ಕಳೆದ ತಿಂಗಳು ಸರಿಯಾಗಿದ್ದ ಅಂಗಿಯ ಕೊರಳ ಗುಂಡಿ ಈಗ ಹಾಕಲು ಬರುವುದಿಲ್ಲ. ಹೆಂಗಸರಾದರೆ ಬಳೆ, ಉಂಗುರ ಬಿಗಿಯಾಗುತ್ತವೆ. ಬಾಗಿ ಚೀಲ ಎತ್ತಿದರೆ ತಲೆ ಸಿಡಿಯುವಂತಾಗುತ್ತದೆ, ಕಣ್ಣು ಮಂಜಾಗುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ಕಳೆಯುತ್ತಾನೆ. ಕುಳಿತಿದ್ದಾಗಲೂ ಕೊರಳ ನರಗಳು ಉಬ್ಬಿಯೇ ಇರುತ್ತವೆ. ಎದೆಯ ಮೇಲೆ ಮೊದಲಿಲ್ಲದ ನೀಲಿ ನರಗಳ ಬಲೆ ಕಾಣುತ್ತದೆ. ಮುಖ ಕೆಂಪೇರುತ್ತದೆ ಅಥವಾ ಕಪ್ಪಿಡುತ್ತದೆ. ಕೆಮ್ಮು ಇರುತ್ತದೆ, ದನಿ ಬದಲಾಗಿರುತ್ತದೆ.

ಇಷ್ಟಾದರೂ ಅವನ ಪಾದಗಳನ್ನು ನೋಡಿ. ಅಲ್ಲಿ ಬಾವು ಇರುವುದಿಲ್ಲ. ಈ ಒಂದು ಗುರುತನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಹೃದಯದ ದೌರ್ಬಲ್ಯದಲ್ಲಿ ಸಾಮಾನ್ಯವಾಗಿ ಬಾವು ಪಾದದಿಂದ ಮೊದಲಾಗುತ್ತದೆ. ಮೂತ್ರಪಿಂಡದ ಕಾಯಿಲೆಯಲ್ಲಿ ಮುಖದ ಜೊತೆಗೆ ಕಾಲೂ ಊದುತ್ತದೆ. ಅಲರ್ಜಿಯಲ್ಲಿ ಗಂಟೆಗಳೊಳಗೆ ತುರಿಕೆ, ದದ್ದುಗಳೊಂದಿಗೆ ಊತ ಬರುತ್ತದೆ. ಸೊಂಟದ ಮೇಲೆಲ್ಲ ಊತ, ಸೊಂಟದ ಕೆಳಗೆ ಏನೂ ಇಲ್ಲ ಎಂದಾದರೆ ತಡೆ ಎದೆಯೊಳಗಿದೆ ಎಂದು ಸಂಶಯಪಡಬೇಕು. ಈ ಹೋಲಿಕೆ ನೂರಕ್ಕೆ ನೂರು ನಂಬುವಂಥದ್ದಲ್ಲ. ಆದರೆ ಸಂಶಯ ಹುಟ್ಟಲು ಸಾಕು, ಮತ್ತು ಊರಲ್ಲಿ ಬೇಕಾಗಿರುವುದು ಸಂಶಯವೇ ಹೊರತು ರೋಗನಿರ್ಣಯವಲ್ಲ.

ಇನ್ನೊಂದು ಮಾತು. ಕೋವಿಡ್ ಕಾಲದಿಂದ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಅನೇಕ ಊರುಗಳಿಗೆ ಬಂದಿದೆ. 'ಆಕ್ಸಿಜನ್ 97 ಇದೆ, ಏನೂ ಆಗಿಲ್ಲ' ಎಂದು ಸಮಾಧಾನ ಹೇಳುವ ರೂಢಿಯೂ ಬಂದಿದೆ. ಮಹಾಸಿರೆ ಕಟ್ಟಿದ ರೋಗಿಯ ಪುಪ್ಪುಸ ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು. ಅಂಕೆ 97 ಇದ್ದು ಮೆದುಳು, ಗಂಟಲು ಬಾಯುತ್ತಿರಬಹುದು. ಅಂಕೆ ಕಡಿಮೆ ಬಂದರೆ ಹೆದರಬೇಕು ನಿಜ. ಸರಿಯಾಗಿ ಬಂದರೆ ನಿಶ್ಚಿಂತರಾಗಬಾರದು.

ಈಗ ತುರ್ತಿನ ಪ್ರಶ್ನೆ. ಹಿಂದೆ, ನಾಲ್ಕೈದು ದಶಕಗಳ ಕೆಳಗೆ, ಈ ಬಾವು ಕಂಡೊಡನೆ ಯಾವ ಪರೀಕ್ಷೆಗೂ ಕಾಯದೆ ವಿಕಿರಣ ಚಿಕಿತ್ಸೆ ಕೊಡಬೇಕೆಂಬುದು ವೈದ್ಯರ ಅಭಿಪ್ರಾಯವಾಗಿತ್ತು. ಈಗ ಹಾಗಿಲ್ಲ. ಬಹುಪಾಲು ರೋಗಿಗಳಿಗೆ ಒಂದೆರಡು ದಿನ ಪರೀಕ್ಷೆ ಮಾಡಿ, ಯಾವ ಬಗೆಯ ಗಡ್ಡೆ ಎಂದು ತಿಳಿದು, ಆಮೇಲೆ ಚಿಕಿತ್ಸೆ ಆರಂಭಿಸಲು ಅವಕಾಶವಿರುತ್ತದೆ ಎಂಬುದು ಈಗ ಒಪ್ಪಿತವಾದ ಮಾತು. ಆದರೆ ಆ ಒಂದೆರಡು ದಿನ ಆಸ್ಪತ್ರೆಯಲ್ಲಿ ಕಳೆಯುವ ದಿನಗಳೇ ಹೊರತು ಊರಿನಲ್ಲಿ ಕಳೆಯುವ ದಿನಗಳಲ್ಲ. ಬಾವು ಮಾತ್ರ ಇದ್ದು, ನಡೆದಾಡುತ್ತ, ಮಾತಾಡುತ್ತ ಇರುವವರನ್ನು ಅಂದೇ ಅಥವಾ ಮಾರನೆಯ ದಿನವೇ ತೋರಿಸಬೇಕು. ಉಸಿರೆಳೆಯುವಾಗ ಗಂಟಲಿನಿಂದ ಕರ್ಕಶವಾದ ಸದ್ದು ಬರುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಎದ್ದು ನಿಂತಾಗ ಎಚ್ಚರ ತಪ್ಪಿದ್ದರೆ, ಅಸಂಬದ್ಧ ಮಾತು ಅಥವಾ ಅತಿಯಾದ ಮಂಪರು ಇದ್ದರೆ ಗಂಟೆಗಳ ಲೆಕ್ಕವೂ ಅಲ್ಲ, ನಿಮಿಷಗಳ ಲೆಕ್ಕ. ಮೊದಲು 108ಕ್ಕೆ ಕರೆ, ಮಿಕ್ಕ ಮಾತು ಆಮೇಲೆ.

ಅಸಂಬದ್ಧ ಮಾತಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಮೆದುಳಿನಿಂದ ರಕ್ತ ಇಳಿಯದೆ ಬಾವು ಬಂದಾಗ ರೋಗಿ ತನ್ನವರನ್ನು ಗುರುತಿಸುವುದಿಲ್ಲ, ಕೂಗಾಡುತ್ತಾನೆ. 'ಗಾಳಿ ಸೋಂಕಿದೆ' ಎಂದು ಮನೆಯವರು ಭಾವಿಸುವುದು ಆಗಲೇ. ಗಾಣಗಾಪುರದ ದತ್ತನಿಗೂ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ನಡೆದುಕೊಳ್ಳುವ ಜನ ನಮ್ಮವರು. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಹರಕೆ ಹೊತ್ತುಕೊಂಡೇ ಆಂಬುಲೆನ್ಸ್ ಹತ್ತಲಿ. ರೋಗಿ ಗುಣಮುಖನಾಗಿ ತಾನೇ ನಡೆದು ಹೋಗಿ ಹರಕೆ ತೀರಿಸಿದರೆ ಯಾವ ದೇವರೂ ತಡವಾಯಿತೆಂದು ಮುನಿಯುವುದಿಲ್ಲ. ಬರೆ ಎಳೆಯುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ವಾಹನ ಬರುವವರೆಗೆ ಮಾಡಬೇಕಾದುದು ಬಹಳವಿಲ್ಲ, ಆದರೆ ಮಾಡಬಾರದ್ದು ಬಹಳವಿದೆ. ರೋಗಿಯನ್ನು ಕೂರಿಸಬೇಕು. ಬೆನ್ನಿಗೆ ದಿಂಬು, ಮಡಚಿದ ಕಂಬಳಿ, ಇಲ್ಲವೇ ಗೋಡೆ. ಹಳ್ಳದ ನೀರು ತಗ್ಗಿಗೆ ಹರಿಯುವಂತೆ, ತಲೆ ಮೇಲಿದ್ದರೆ ರಕ್ತ ಇಳಿಯಲು ತುಸು ಅನುಕೂಲ. ಸುಸ್ತಾಗಿದ್ದಾನೆಂದು ಅಂಗಾತ ಮಲಗಿಸುವುದು ನಾವು ಕರುಣೆಯಿಂದ ಮಾಡುವ ಅಪಾಯ. ಆಂಬುಲೆನ್ಸಿನ ಸ್ಟ್ರೆಚರಿನಲ್ಲಿಯೂ ತಲೆಯ ಭಾಗವನ್ನು ಎತ್ತಿಸಿ ಕೂರಿಸಲು ಸಿಬ್ಬಂದಿಗೆ ಹೇಳಿರಿ. ಕೊರಳ ಗುಂಡಿ ಬಿಚ್ಚಿ, ಬಿಗಿಯಾದ ಬಳೆ, ಉಂಗುರ, ಕೈಗಡಿಯಾರ ತೆಗೆಯಿರಿ. ಬಾವು ಇನ್ನೂ ಏರಿದರೆ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಸುತ್ತ ನೆರೆದ ಜನರನ್ನು ಸರಿಸಿ ಗಾಳಿಯಾಡಲು ಬಿಡಿ. ಬಾತ ತೋಳನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಮಂಪರಿನಲ್ಲಿರುವವರ, ಉಸಿರಿಗೆ ಹೆಣಗುವವರ ಬಾಯಿಗೆ ನೀರು ಬಿಡಬೇಡಿ. ಕಡೆಗಾಲದ ನೀರೆಂದು ಬಿಟ್ಟದ್ದು ಶ್ವಾಸನಾಳಕ್ಕೆ ಇಳಿದರೆ ಅದೇ ಕಡೆಗಾಲವನ್ನು ತರಬಹುದು.

ಮುಂದಿನ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ನಮ್ಮ ಭಾಗದಲ್ಲಿ ಯಾವ ಸುಸ್ತಿಗೂ 'ಒಂದು ಸಲಾಯಿನ್ ಹಚ್ಚಿರಿ' ಎಂಬುದು ಮೊದಲ ಮಾತು. ಈ ರೋಗಿಗೆ ತೋಳಿನಲ್ಲಿ ಸಲಾಯಿನ್ ಏರಿಸುವುದೆಂದರೆ ತುಂಬಿದ ಹಳ್ಳಕ್ಕೆ ಪಂಪು ಹಚ್ಚಿ ಇನ್ನಷ್ಟು ನೀರು ಬಿಟ್ಟಂತೆ. ತೋಳಿನಿಂದ ಹೊರಟ ದ್ರವವು ಅದೇ ಕಟ್ಟಿದ ಮಹಾಸಿರೆಯ ಮೂಲಕವೇ ಹೋಗಬೇಕಲ್ಲವೇ? ಬಾವು ಹೆಚ್ಚುತ್ತದೆ, ಕೊಟ್ಟ ಔಷಧಿ ಹೃದಯ ಮುಟ್ಟಲು ತಡವಾಗುತ್ತದೆ, ನಿಂತ ರಕ್ತದಲ್ಲಿ ಸೂಜಿ ಚುಚ್ಚಿದಲ್ಲಿ ಹೆಪ್ಪುಗಟ್ಟುವ ಸಂಭವವೂ ಇದೆ. ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ಕಾಲಿನ ಅಥವಾ ತೊಡೆಯ ನರಕ್ಕೆ ಸೂಜಿ ಹಾಕುತ್ತಾರೆ. 'ತೋಳಿಗೆ ಸೂಜಿ ಬೇಡ, ಕಾಲಿಗೆ ಹಾಕಿರಿ' ಎಂಬ ಮಾತನ್ನು ರೋಗಿಯ ಜೊತೆ ಹೋಗುವವರು ಧೈರ್ಯವಾಗಿ ಹೇಳಬಹುದು. ಹೇಳಿದ್ದಕ್ಕೆ ಯಾವ ತಿಳಿದ ವೈದ್ಯರೂ ಬೇಸರಪಡುವುದಿಲ್ಲ.

ಸಲಾಯಿನ್ ಜೊತೆಗೆ ಬರುವವು ಎರಡು ಇಂಜೆಕ್ಷನ್‌ಗಳು. ಒಂದು ಲೆಸಿಕ್ಸ್, ಮೂತ್ರ ಹೆಚ್ಚಿಸಿ ಬಾವು ಇಳಿಸುವ ಔಷಧಿ. ಹೃದಯಕ್ಕೆ ಮರಳುವ ರಕ್ತ ಮೊದಲೇ ಕಡಿಮೆಯಾಗಿರುವವರಲ್ಲಿ ಇದನ್ನು ವಿವೇಚನೆಯಿಲ್ಲದೆ ಕೊಟ್ಟರೆ ರಕ್ತದೊತ್ತಡ ಕುಸಿಯಬಹುದು. ಇನ್ನೊಂದು ಡೆಕ್ಸಾ, ಅಂದರೆ ಸ್ಟೆರಾಯ್ಡ್. ಇದರ ಕಥೆ ಹೆಚ್ಚು ಸೂಕ್ಷ್ಮ. ಡೆಕ್ಸಾದಿಂದ ಬಾವು ಎರಡು ದಿನ ಇಳಿದಂತೆ ಕಾಣಬಹುದು. 'ಆ ಡಾಕ್ಟರ ಕೈಗುಣ ಒಳ್ಳೆಯದು' ಎಂಬ ಹೆಸರೂ ಬರುತ್ತದೆ. ಆದರೆ ಗಡ್ಡೆ ಲಿಂಫೋಮಾ ಆಗಿದ್ದರೆ ಸ್ಟೆರಾಯ್ಡಿಗೆ ಅದು ಕರಗಿ, ತುಣುಕು ತೆಗೆದು ಪರೀಕ್ಷಿಸಿದಾಗ ಏನೆಂದು ತಿಳಿಯದಂತಾಗುತ್ತದೆ. ಕೆಲವು ವಾರಗಳ ಮೇಲೆ ಗಡ್ಡೆ ಮತ್ತೆ ಬೆಳೆಯುತ್ತದೆ. ಸರಿಯಾದ ಔಷಧಿಯಿಂದ ಪೂರ್ಣ ವಾಸಿಯಾಗುವ ಸಾಧ್ಯತೆಯುಳ್ಳ ಒಂದು ಕ್ಯಾನ್ಸರಿನ ಗುರುತೇ ಹೀಗೆ ಅಳಿಸಿಹೋಗುತ್ತದೆ. ಉಸಿರುನಾಳ ಮುಚ್ಚುವ ಸ್ಥಿತಿಯಲ್ಲಿ ಪ್ರಾಣ ಉಳಿಸಲು ಆಸ್ಪತ್ರೆಯ ವೈದ್ಯರೇ ಡೆಕ್ಸಾ ಕೊಡಬೇಕಾಗಬಹುದು, ಅದು ಬೇರೆ. ಊರಿನಲ್ಲಿ ಈಗಾಗಲೇ ಯಾವುದಾದರೂ ಇಂಜೆಕ್ಷನ್ ಆಗಿದ್ದರೆ ಅದನ್ನು ಮುಚ್ಚಿಡದೆ, ಸಾಧ್ಯವಾದರೆ ಖಾಲಿ ಸೀಸೆಯ ಸಮೇತ, ವೈದ್ಯರಿಗೆ ತಿಳಿಸಬೇಕು. ನಿದ್ರೆಯ ಇಂಜೆಕ್ಷನ್ ಮಾತ್ರ ಬೇಡವೇ ಬೇಡ. ರಾತ್ರಿಯೆಲ್ಲ ಕುಳಿತೇ ಇದ್ದವನು ಮಲಗಲಿ ಎಂಬ ಪ್ರೀತಿಯಿಂದ ಕೊಡಿಸಿದ್ದು ಅವನ ಉಸಿರನ್ನೇ ನಿಲ್ಲಿಸಬಹುದು.

ಎಲ್ಲಿಗೆ ಒಯ್ಯಬೇಕು? ಪ್ರಾಣಾಂತಿಕ ಲಕ್ಷಣಗಳಿದ್ದರೆ ಆಮ್ಲಜನಕ ಸಿಗುವ ಹತ್ತಿರದ ಆಸ್ಪತ್ರೆಗೆ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿ ಉಸಿರು ಸ್ಥಿರವಾದ ಮೇಲೆ ಕಲಬುರಗಿ. ಲಕ್ಷಣಗಳು ಅಷ್ಟು ತೀವ್ರವಾಗಿಲ್ಲದಿದ್ದರೆ ನೇರವಾಗಿ ಸಿ.ಟಿ. ಸ್ಕ್ಯಾನ್ ಇರುವಲ್ಲಿಗೆ ಹೋಗುವುದು ಒಳಿತು. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆಯಿದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇದೆ. ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿಯೇ ತೀರಬೇಕೆಂದು ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ಮಲಗಿಸಿ ಕಳುಹಿಸುವ ಮೊದಲು ಕಲಬುರಗಿಯಲ್ಲಿ ತೋರಿಸಿರಿ. ಮುಂದೆ ಹೋಗಬೇಕಾದರೆ ಅವರೇ ಚೀಟಿ ಬರೆದು ಕಳುಹಿಸುತ್ತಾರೆ. ಉಬ್ಬಿದ ನರ, ಏದುಸಿರು ನೋಡಿ ಇದು ಹೃದಯದ ಕಾಯಿಲೆಯೆಂದು ಹೃದ್ರೋಗ ಆಸ್ಪತ್ರೆಗೆ ಹೋದವರೂ ತಪ್ಪು ಮಾಡಿದಂತಲ್ಲ. ಅಲ್ಲಿಂದ ಸರಿಯಾದ ಕಡೆಗೆ ಕಳುಹಿಸುತ್ತಾರೆ, ಊರಲ್ಲಿ ಉಳಿಯುವುದಕ್ಕಿಂತ ಅದೆಷ್ಟೋ ಮೇಲು. ಆಳಂದ, ಅಫಜಲಪುರದ ಗಡಿಯ ಊರುಗಳವರಿಗೆ ಸೊಲ್ಲಾಪುರದ ರೂಢಿ ಹೆಚ್ಚು. ಹೋಗಲಿ; ಆದರೆ ನಮ್ಮ ರಾಜ್ಯದ ಆರೋಗ್ಯ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಲಿ.

ರೋಗಿಯ ಜೊತೆಗೆ ಅವನ ಫೈಲು ಹೋಗಬೇಕು. ಹಿಂದೆ ಕ್ಯಾನ್ಸರ್ ಚಿಕಿತ್ಸೆ ಪಡೆದವರಾದರೆ ತುಣುಕು ಪರೀಕ್ಷೆಯ ವರದಿ, ಕೀಮೋ ಚೀಟಿಗಳು, ಸ್ಕ್ಯಾನ್ ಚಿತ್ರಗಳು ಇರಬೇಕು. ವರದಿ ಕೈಯಲ್ಲಿದ್ದರೆ ಹೊಸದಾಗಿ ಗಡ್ಡೆಯ ತುಣುಕು ತೆಗೆಯುವ, ಫಲಿತಾಂಶಕ್ಕೆ ಕಾಯುವ ದಿನಗಳು ಉಳಿಯಬಹುದು. ಈ ಕಾಗದಗಳು ಸಂದೂಕದಲ್ಲಿ, ಬೀಗದ ಕೈ ಹೊಲದಲ್ಲಿರುವ ಮಗನ ಬಳಿ ಎಂಬ ಪರಿಸ್ಥಿತಿ ತಮಗೆಲ್ಲ ಗೊತ್ತಿದ್ದದ್ದೇ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಲು ಮನೆಯವರಿಗೆ ಇಂದೇ ಹೇಳಿ.

ಆಸ್ಪತ್ರೆಯಲ್ಲಿ ನಡೆಯುವುದನ್ನು ಸ್ಥೂಲವಾಗಿ ತಿಳಿದಿದ್ದರೆ ಮನೆಯವರ ಆತಂಕವನ್ನು ತಾವು ತಗ್ಗಿಸಬಹುದು. ಮೊದಲು ಉಸಿರುನಾಳದ ರಕ್ಷಣೆ, ಆಮ್ಲಜನಕ. ಆಮೇಲೆ ಬಣ್ಣದ ಔಷಧಿ ಕೊಟ್ಟು ಎದೆಯ ಸಿ.ಟಿ. ಸ್ಕ್ಯಾನ್, ತಡೆ ಎಲ್ಲಿದೆ, ಹೊರಗಿನ ಒತ್ತಡವೋ ಒಳಗಿನ ಹೆಪ್ಪೋ ಎಂದು ಇದರಲ್ಲಿ ಕಾಣುತ್ತದೆ. ಹೆಪ್ಪಾಗಿದ್ದರೆ ರಕ್ತ ತೆಳುವಾಗಿಸುವ ಔಷಧಿಯನ್ನು ತೂಗಿ ನೋಡಿ ಕೊಡುತ್ತಾರೆ. ಬಳಿಕ ತುಣುಕು ಪರೀಕ್ಷೆ. ಎಷ್ಟೋ ಸಲ ಕೊರಳ ಬುಡದಲ್ಲಿ ಕೈಗೆ ಸಿಗುವ ಒಂದು ಸಣ್ಣ ಗಂಟೇ ಎದೆಯೊಳಗಿನ ಗುಟ್ಟನ್ನು ಹೇಳಿಬಿಡುತ್ತದೆ. ಜಗಳ ಹುಟ್ಟುವುದು ಸಾಮಾನ್ಯವಾಗಿ ಈ ಹಂತದಲ್ಲಿ. 'ಬಂದು ಎರಡು ದಿನವಾಯಿತು, ಬರೀ ಟೆಸ್ಟ್ ಮಾಡುತ್ತಿದ್ದಾರೆ, ಮದ್ದು ಕೊಡುತ್ತಿಲ್ಲ' ಎಂದು ತಮಗೇ ಫೋನ್ ಬರುತ್ತದೆ. ಬೀಜ ಯಾವುದೆಂದು ತಿಳಿಯದೆ ಕಳೆನಾಶಕ ಹೊಡೆಯುವುದಿಲ್ಲವಷ್ಟೆ. ಗಡ್ಡೆಯ ಜಾತಿ ತಿಳಿಯದೆ ಚಿಕಿತ್ಸೆ ಮೊದಲಿಟ್ಟರೆ ಆಮೇಲೆ ತಿಳಿಯುವುದು ಕಷ್ಟ ಎಂದು ತಾವು ಅವರಿಗೆ ವಿವರಿಸಬೇಕು. ಸಿಟ್ಟಿನಲ್ಲಿ ಸಹಿ ಹಾಕಿ ಬಿಡಿಸಿಕೊಂಡು ಬರುವುದನ್ನು ತಡೆದರೆ ಅದೇ ದೊಡ್ಡ ಉಪಕಾರ.

ಚಿಕಿತ್ಸೆ ಗಡ್ಡೆಯ ಬಗೆಯನ್ನು ಅವಲಂಬಿಸಿದೆ. ಲಿಂಫೋಮಾ ಹಾಗೂ ಪುಪ್ಪುಸದ ಸಣ್ಣ ಕೋಶಗಳ ಕ್ಯಾನ್ಸರಿಗೆ ಕೀಮೋ ಬೇಗ ನಾಟುತ್ತದೆ. ಹಲವರಲ್ಲಿ ಒಂದೆರಡು ವಾರಗಳಲ್ಲಿಯೇ ಮುಖದ ಬಾವು ಇಳಿಯುತ್ತದೆ. ಬೇರೆ ಬಗೆಗಳಲ್ಲಿ ವಿಕಿರಣ ಚಿಕಿತ್ಸೆ ಬಳಸುತ್ತಾರೆ; ಅದರ ಫಲ ಕಾಣಲು ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ. ಅಷ್ಟು ಕಾಯಲಾಗದ ರೋಗಿಗೆ ಸ್ಟೆಂಟ್ ಇದೆ. ಹೃದಯದ ಸ್ಟೆಂಟ್ ಎಲ್ಲರಿಗೂ ಗೊತ್ತು. ಇದೂ ಅಂಥದೇ ಲೋಹದ ಜಾಲರಿಯ ಕೊಳವೆ, ಗಾತ್ರದಲ್ಲಿ ದೊಡ್ಡದು. ಸಾಮಾನ್ಯವಾಗಿ ತೊಡೆಸಂದಿನ ನರದಿಂದ ಏರಿಸಿ, ಅದುಮಿದ ಮಹಾಸಿರೆಯೊಳಗೆ ಅರಳಿಸುತ್ತಾರೆ. ತಲೆನೋವು ಬಹುಬೇಗ ಹೋಗುತ್ತದೆ, ಮುಖದ ಬಾವು ಹೆಚ್ಚಾಗಿ 24 ಗಂಟೆಗಳಲ್ಲಿ, ತೋಳಿನ ಬಾವು 72 ಗಂಟೆಗಳಲ್ಲಿ ಇಳಿಯುತ್ತದೆ. ಇದು ಕ್ಯಾನ್ಸರನ್ನು ವಾಸಿಮಾಡುವುದಿಲ್ಲ, ದಾರಿ ಮಾತ್ರ ತೆರೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿಯೂ ಆಗುವ ಕೆಲಸವೂ ಅಲ್ಲ.

'ಒಯ್ದು ಏನು ಫಲ' ಎಂಬ ಮಾತಿಗೆ ಈಗ ಬರುತ್ತೇನೆ. ಕೆಲವರಲ್ಲಿ, ವಿಶೇಷವಾಗಿ ಲಿಂಫೋಮಾ ಉಳ್ಳ ತರುಣರಲ್ಲಿ, ಇದು ವಾಸಿಯಾಗಿ ಮತ್ತೆ ಹೊಲಕ್ಕೆ, ಕಾಲೇಜಿಗೆ ಹೋಗುವ ಕಾಯಿಲೆ. ಇನ್ನು ಕೆಲವರಲ್ಲಿ ಮೂಲ ಕ್ಯಾನ್ಸರ್ ಮುಂದುವರಿದಿದ್ದು ಉಳಿದಿರುವುದು ಕೆಲವೇ ತಿಂಗಳು ಆಗಿರಬಹುದು. ಅದನ್ನು ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಆದರೆ ಆ ತಿಂಗಳುಗಳನ್ನು ಗೋಡೆಗೆ ಒರಗಿ, ಬಾತ ಕಣ್ಣು ತೆರೆಯಲಾಗದೆ, ಉಸಿರಿಗೆ ಬಡಿದಾಡುತ್ತ ಕಳೆಯುವುದು ಒಂದು. ಮಲಗಿ ನಿದ್ರಿಸಿ, ಮೊಮ್ಮಕ್ಕಳೊಡನೆ ಮಾತಾಡಿ, ಒಂದು ತುತ್ತು ಉಂಡು ಕಳೆಯುವುದು ಇನ್ನೊಂದು. ಚಿಕಿತ್ಸೆ ಒಗ್ಗದವರಿಗೂ ಉಸಿರಿನ ಸಂಕಟ, ನೋವು ತಗ್ಗಿಸುವ ಉಪಶಮನ ಆರೈಕೆ ಇದೆ. ಇಬ್ಬರಲ್ಲಿ ಯಾರು ಯಾವ ಗುಂಪಿನವರೆಂದು ಕಟ್ಟೆಯ ಮೇಲೆ ಕುಳಿತು ನಿರ್ಧರಿಸಲು ಬರುವುದಿಲ್ಲ. ಮುಖ ಎರಡರಲ್ಲಿಯೂ ಒಂದೇ ರೀತಿ ಬಾತಿರುತ್ತದೆ.

ಊರಿನ ಮಾತಿನಿಂದ ಕ್ಯಾನ್ಸರಿನ ಸ್ಥಿತಿ ಬದಲಾಗುತ್ತದೆಯೇ ಎಂದು ಕೇಳುವವರಿಗೆ ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಉದಾಹರಣೆ ಇದೆ. 1987ರಲ್ಲಿ ಅಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು; ದೇಶದಲ್ಲಿ ಹಳ್ಳಿಗಳಿಗಾಗಿ ಆದ ಮೊದಲನೆಯದು. ಸಿಬ್ಬಂದಿ ಊರೂರಿಗೆ ಹೋಗಿ ಲಕ್ಷಣಗಳನ್ನು ತಿಳಿಸುತ್ತ, ಅನುಮಾನವಿದ್ದವರನ್ನು ಆಸ್ಪತ್ರೆಗೆ ಹೋಗುವಂತೆ ಒಪ್ಪಿಸುತ್ತ ಬಂದರು. ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಉಳ್ಳ ಮಹಿಳೆಯರು ಮೊದಲಿಗಿಂತ ಎಳೆಯ ಹಂತದಲ್ಲಿಯೇ ಚಿಕಿತ್ಸೆಗೆ ಬರಲಾರಂಭಿಸಿದರು. ಅದು ಬೇರೆ ಕ್ಯಾನ್ಸರ್, ನಿಜ. ಆದರೆ ಊರುಗಳು ನಮ್ಮ ಊರುಗಳಂತೆಯೇ, ಜೋಳ, ತೊಗರಿ ಬೆಳೆಯುವ ಊರುಗಳು.

ಹಣದ ವಿಷಯ ಹೇಳದಿದ್ದರೆ ಈ ಮಾತೆಲ್ಲ ಅರ್ಧವಾಗುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಆದ್ಯತಾ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಇತರರಿಗೆ ನಿಗದಿತ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳವರೆಗೆ ನೆರವಿದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಅದಿಲ್ಲದೆಯೂ ದಾಖಲಾಗಬಹುದು. ಪಡಿತರ ಚೀಟಿ ಮತ್ತು ಆಧಾರ್ ರೋಗಿಯ ಫೈಲಿನಲ್ಲಿಯೇ ಇರಲಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿ ನಿಗದಿಯಾಗಿದೆ. ಅದರ ಅಧ್ಯಕ್ಷತೆ ಪಂಚಾಯಿತಿ ಸದಸ್ಯರದು, ಕಾರ್ಯದರ್ಶಿ ಆಶಾ ಕಾರ್ಯಕರ್ತೆ. ಕಡುಬಡ ಕುಟುಂಬದ ಆರೋಗ್ಯದ ತುರ್ತಿಗೆ ಅದನ್ನು ಬಳಸಲು ಅವಕಾಶವಿದೆ. ಸುಣ್ಣಬಣ್ಣಕ್ಕೂ ಬ್ಯಾನರಿಗೂ ಪೂರ್ತಿ ಮುಗಿಸದೆ, ರಾತ್ರಿ ಹೊತ್ತು ಬಾಡಿಗೆ ವಾಹನ ಹಿಡಿಯುವಷ್ಟು ಮೊತ್ತವನ್ನು ಕೈಯಲ್ಲಿಟ್ಟುಕೊಳ್ಳುವ ಠರಾವನ್ನು ಮುಂದಿನ ಸಮಿತಿ ಸಭೆಯಲ್ಲಿ ಮಾಡಬಹುದೇ ಎಂದು ತಾವು ಯೋಚಿಸಬೇಕು.

ಉಪನ್ಯಾಸದ ನಂತರ ಸದಸ್ಯರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸಲಾಗಿದೆ.

ಅಫಜಲಪುರ ತಾಲ್ಲೂಕಿನ ಸದಸ್ಯೆಯೊಬ್ಬರು, ರೋಗಿಗೆ ಕ್ಯಾನ್ಸರ್ ಇದೆಯೆಂದು ಮನೆಯವರು ಅವನಿಗೇ ಹೇಳಿರುವುದಿಲ್ಲ, ಅಂತಹ ಮನೆಯಲ್ಲಿ ಮಾತು ತೆಗೆಯುವುದು ಹೇಗೆ ಎಂದು ಕೇಳಿದರು. ಉತ್ತರ: ಕ್ಯಾನ್ಸರ್ ಎಂಬ ಪದವನ್ನು ತಾವು ಬಳಸಬೇಕಾದ ಅಗತ್ಯವೇ ಇಲ್ಲ. 'ಎದೆಯೊಳಗಿನ ರಕ್ತನಾಳಕ್ಕೆ ತಡೆಯಾದಂತಿದೆ, ಬೇಗ ತೋರಿಸಬೇಕು' ಎಂದರೆ ಅದು ಸುಳ್ಳೂ ಅಲ್ಲ, ಮನೆಯವರ ಮುಜುಗರಕ್ಕೂ ಕಾರಣವಾಗುವುದಿಲ್ಲ. ಉಳಿದುದನ್ನು ಹೇಳುವ ಹೊಣೆ ವೈದ್ಯರದು ಮತ್ತು ಮನೆಯವರದು.

ಜೇವರ್ಗಿ ತಾಲ್ಲೂಕಿನ ಸದಸ್ಯರೊಬ್ಬರು, ಚಿಕಿತ್ಸೆಯಾಗಿ ಬಾವು ಇಳಿದು ಊರಿಗೆ ಬಂದವರಲ್ಲಿ ಇದು ಮರುಕಳಿಸುತ್ತದೆಯೇ ಎಂದು ಕೇಳಿದರು. ಉತ್ತರ: ಮರುಕಳಿಸಬಹುದು. ಗಡ್ಡೆ ಮತ್ತೆ ಬೆಳೆದರೂ, ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೂ ಆಗಬಹುದು. ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ಬರೆದಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ನಿಗದಿಪಡಿಸಿದ ಕೀಮೋ ದಿನಾಂಕವನ್ನು ಜಾತ್ರೆ, ರಾಶಿಯ ಕಾರಣಕ್ಕೆ ಮುಂದೂಡಬಾರದು. ತಲೆಯ ಕೆಳಗೆ ಎರಡು ದಿಂಬು ಇಟ್ಟು ಮಲಗಲಿ. ಬೆಳಗ್ಗೆ ಎದ್ದಾಗ ಮುಖ ಮತ್ತೆ ಊದಿದೆಯೇ, ಅಂಗಿಯ ಕೊರಳು ಬಿಗಿಯಾಗಿದೆಯೇ ಎಂದು ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಕೇಳಿ ಬರೆದಿಟ್ಟುಕೊಳ್ಳಲಿ. ಹೌದು ಎಂಬ ಉತ್ತರ ಬಂದ ದಿನವೇ ಫೈಲು ಹಿಡಿದು ಹೊರಡಲಿ.